ಹಾರಾಟದ ದಿನ ‘ಬೇಡ’ ಅನ್ನೋರು ಯಾರು?

ಮಕ್ಕಳನ್ನ ಸಣ್ಣ ವಿಮಾನ, ಗ್ಲೈಡರ್ (ಇಂಜಿನ್ ಇಲ್ಲದೆ ತೇಲೋ ವಿಮಾನ) ಹತ್ತಿಸೋ ಕಾರ್ಯಕ್ರಮಗಳ ಬಗ್ಗೆ ಈ ಸಲ ಒಟ್ಟೊಟ್ಟಿಗೇ ಪತ್ರಗಳು ಬಂದಿವೆ. ನಾಲ್ಕಕ್ಕೆ ಉತ್ತರ ಕೊಡ್ತಿದೀನಿ.

ಪ್ರಶ್ನೆ: ಸರ್, ನಾನು ಪೈಲಟ್ ಅಲ್ಲ, ಮೇಷ್ಟ್ರು. ನಲವತ್ತು ಮಕ್ಕಳನ್ನ ವಿಮಾನದಲ್ಲಿ ಒಂದೊಂದು ರೌಂಡ್ ಕರ್ಕೊಂಡು ಹೋಗೋ ಪ್ರೋಗ್ರಾಂ ಇಟ್ಕೊಂಡಿದೀವಿ. ಕ್ಲಬ್‌ನವರು ಆಪರೇಷನಲ್ ರಿಸ್ಕ್ ಮ್ಯಾನೇಜ್‌ಮೆಂಟ್ ಫಾರಂ ತುಂಬಿಕೊಡಿ ಅಂದ್ರು. ಹೋದ ವರ್ಷದ್ದು ಇದೆ, ಡೇಟ್ ಬದಲಾಯಿಸಿ ಕೊಟ್ರೆ ನಡೆಯುತ್ತಾ?

ಉತ್ತರ: ನಡೆಯುತ್ತೆ ಮೇಷ್ಟ್ರೇ, ಯಾರೂ ಕೇಳಲ್ಲ, ತೊಂದರೆ ಇರೋದೇ ಅಲ್ಲಿ. ಈ ಆಪರೇಷನಲ್ ರಿಸ್ಕ್ ಮ್ಯಾನೇಜ್‌ಮೆಂಟ್ (ಓಆರ್‌ಎಂ), ಅಂದ್ರೆ ಅಪಾಯ ಮೊದಲೇ ಅಳೆದು ಕಮ್ಮಿ ಮಾಡೋ ಪದ್ಧತಿ, ಸೇನೆಯಿಂದ ಬಂದಿದ್ದು, ಅಮೆರಿಕದ ಸಿವಿಲ್ ಏರ್ ಪಟ್ರೋಲ್‌ನಂಥ ಕೆಡೆಟ್ ಸಂಸ್ಥೆಗಳೂ ಅದನ್ನೇ ಇಟ್ಕೊಂಡಿವೆ. ಅದ್ರಲ್ಲಿ ಮೊದಲನೇ ಮಾತೇ ಬೇಡದ ರಿಸ್ಕ್ ತಗೋಬೇಡಿ ಅಂತ. ರಿಸ್ಕೇ ಬೇಡ ಅಂತ ಅಲ್ಲ ಗಮನಿಸಿ, ಹಾಗಂದ್ರೆ ಹಾರೋದೇ ಬೇಡ ಅಂದ ಹಾಗೆ.

ಹಜಾರ್ಡ್ ಬೇರೆ, ರಿಸ್ಕ್ ಬೇರೆ. ತಿರುಗ್ತಾ ಇರೋ ಪ್ರೊಪೆಲರ್ ಹಜಾರ್ಡ್. ಒಂದು ಮಗು ಅದರ ಕಡೆ ಹೋಗಿಬಿಡೋ ಸಾಧ್ಯತೆ ಎಷ್ಟು, ಹೋದ್ರೆ ಏನಾಗುತ್ತೆ, ಇವೆರಡನ್ನೂ ಸೇರಿಸಿ ನೋಡಿದ್ರೆ ರಿಸ್ಕ್. ನಿಮ್ಮ ಹಳೇ ಫಾರಂನಲ್ಲಿ ಇದರ ಎದುರು ಏನು ಬರೆದಿರ್ತಾರೆ ಅಂತ ನೋಡದೇನೇ ಹೇಳ್ತೀನಿ: ‘ಮಕ್ಕಳಿಗೆ ಎಚ್ಚರಿಕೆ ನೀಡಲಾಗುವುದು’. ಇದಕ್ಕಿಂತ ದುರ್ಬಲವಾದ ಉಪಾಯ ಇನ್ನೊಂದಿಲ್ಲ. ನಾನು ಹಿಂದೆ ಇಂಥದ್ದೇ ಒಂದು ದಿನ ವಿಮಾನ ನಿಲ್ಲಿಸೋ ಏಪ್ರನ್ ಮೇಲೆ ನಿಂತಿದ್ದೆ, ಎಲ್ಲಾ ಎಚ್ಚರಿಕೆ ಹೇಳಿ ಆಗಿತ್ತು, ಮಕ್ಕಳು ಜೋರಾಗಿ ‘ಆಯ್ತು ಸಾರ್’ ಅಂತಾನೂ ಅಂದಿದ್ರು, ಅಷ್ಟರಲ್ಲಿ ಒಬ್ಬ ಹುಡುಗನ ಟೋಪಿ ಗಾಳಿಗೆ ಹಾರಿ ಪಕ್ಕದ ವಿಮಾನದ ಕಡೆ ಉರುಳ್ತಾ ಹೋಯ್ತು, ಹುಡುಗ ಹಿಂದೇನೇ ಓಡಿದ. ಅದೃಷ್ಟಕ್ಕೆ ಆ ಇಂಜಿನ್ ಆಫ್ ಆಗಿತ್ತು. ಓಡ್ತಾ ಇದ್ದಿದ್ರೆ ಪ್ರೊಪೆಲರ್ ಕಣ್ಣಿಗೇ ಕಾಣ್ತಿರ್ಲಿಲ್ಲ, ಆ ವೇಗದಲ್ಲಿ ಅದು ಬರೀ ಗಾಳಿ ಥರ ಇರುತ್ತೆ. ನಿಂತಿರೋ ಪ್ರೊಪೆಲರನ್ನೂ ಮುಟ್ಟಬಾರದು ಅನ್ನೋದು ಯಾಕಂದ್ರೆ ಇಂಜಿನ್‌ಗೆ ಕಿಡಿ ಕೊಡೋ ಮ್ಯಾಗ್ನೆಟೋ ವೈರ್ ಎಲ್ಲಾದ್ರೂ ಕಿತ್ತಿದ್ರೆ ಕೀ ಆಫ್ ಇದ್ರೂ ಕೈಯಲ್ಲಿ ತಿರುಗಿಸಿದಾಗ ಇಂಜಿನ್ ಒಂದು ಕಿಕ್ ಹೊಡಿಬಹುದು.

ಹಾಗಾಗಿ ಮಾತಿನ ಬದಲು ವ್ಯವಸ್ಥೆ ಬರೀರಿ: ಇಂಜಿನ್ ಪೂರ್ತಿ ನಿಂತ ಮೇಲೇ ಹತ್ತೋದು ಇಳಿಯೋದು, ಕಾಯೋ ಜಾಗಕ್ಕೆ ಹಗ್ಗ, ಹಗ್ಗ ದಾಟಿದ ಪ್ರತಿ ಮಗುವಿನ ಜೊತೆ ಒಬ್ರು ದೊಡ್ಡವರು, ತಲೆ ಮೇಲೆ ಟೋಪಿ ಇಲ್ಲ. ಈಗ ಲೆಕ್ಕ ಹಾಕಿ. ನಾಲ್ಕು ಸೀಟಿನ ವಿಮಾನದಲ್ಲಿ ಸಲಕ್ಕೆ ಮೂರು ಮಕ್ಕಳು, ನಲವತ್ತು ಮಕ್ಕಳಿಗೆ 14 ರೌಂಡು. ಹಾರಾಟ 20 ನಿಮಿಷ, ಇಂಜಿನ್ ನಿಲ್ಲಿಸಿ ಇಳಿಸಿ ಹತ್ತಿಸಿ ಬೆಲ್ಟ್ ನೋಡಿ ಮತ್ತೆ ಸ್ಟಾರ್ಟ್ ಮಾಡೋಕೆ 15 ನಿಮಿಷ, ಒಟ್ಟು 490 ನಿಮಿಷ ಅಂದ್ರೆ ಎಂಟು ಗಂಟೆ ದಾಟುತ್ತೆ, ಪೆಟ್ರೋಲ್ ಹಾಕೋದು, ಪೈಲಟ್ ಊಟ ಇನ್ನೂ ಸೇರಿಸಿಲ್ಲ. ಒಂದು ವಿಮಾನ ಒಬ್ಬ ಪೈಲಟ್ ಅಂದ್ರೆ ಸಾಯಂಕಾಲ ಕೊನೇ ರೌಂಡಿನ ಮಕ್ಕಳು ಸುಸ್ತಾಗಿರೋ ಮನುಷ್ಯನ ಜೊತೆ ಹಾರ್ತಾರೆ, ಅದೂ ಅಲ್ಲದೆ ಟೈಮ್ ಸಾಲ್ತಿಲ್ಲ ಅಂತ ಮೂರನೇ ರೌಂಡಿಗೇ ಯಾರೋ ಒಬ್ರು ‘ಇಂಜಿನ್ ಓಡ್ತಿರ್ಲಿ ಬಿಡಿ, ಬೇಗ ಹತ್ತಿಸೋಣ’ ಅಂತಾರೆ, ಖಂಡಿತ ಅಂತಾರೆ. ಎರಡು ದಿನ ಮಾಡಿ, ಇಲ್ಲಾ ಇನ್ನೊಂದು ವಿಮಾನ ಪೈಲಟ್ ಕೇಳಿ, ಇಲ್ಲಾ ಇಪ್ಪತ್ತೇ ಮಕ್ಕಳು ಸಾಕು. ಫಾರಂ ಕೂತು ತುಂಬಿದ್ರೆ ಸಿಗೋದು ಈ ಲೆಕ್ಕ, ಡೇಟ್ ಬದಲಾಯಿಸಿದ್ರೆ ಸಿಗಲ್ಲ. ಫಾರಂನಲ್ಲಿ ರಿಸ್ಕ್ ಎಷ್ಟು ಅಂತ ಗುರುತಿಸೋ ಕೆಂಪು ಹಳದಿ ಹಸಿರು ಚೌಕದ ಮ್ಯಾಟ್ರಿಕ್ಸ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಪ್ರೋಗ್ರಾಂ ಆಗ್ಲೇಬೇಕು ಅಂತ ಮನಸ್ಸು ಮಾಡಿದವರ ಕೈಯಲ್ಲಿ ಕೆಂಪೂ ಹಳದಿ ಆಗುತ್ತೆ.

ಪ್ರಶ್ನೆ: ಮಗಳಿಗೆ 13 ವರ್ಷ, 38 ಕೇಜಿ ಇದ್ದಾಳೆ. ಗ್ಲೈಡರ್ ಹತ್ತೋ ಮುಂಚೆ ಎಲ್ಲರ ಎದುರು ತೂಕ ಮಾಡಿದ್ರು, ಆಮೇಲೆ ಅವಳ ಸೀಟಿನ ಹತ್ರ ಸೀಸದ ತುಂಡು ಇಟ್ಟು ಬಿಗಿದ್ರು. ಬೆನ್ನಿಗೆ ಅಂತ ಮನೆಯಿಂದ ಕೊಟ್ಟಿದ್ದ ದಿಂಬು ವಾಪಸ್ ಕೊಟ್ಬಿಟ್ರು. ಇಷ್ಟೊಂದು ನಾಜೂಕಾ ಅದು?

ಉತ್ತರ: ಹೂಂ ತಾಯಿ, ತೂಕದ ವಿಷಯದಲ್ಲಿ ನಾಜೂಕೇ. ಹಿಂದೆ ಮುಂದೆ ಕೂರೋ ಗ್ಲೈಡರ್‌ನಲ್ಲಿ ಮುಂದಿನ ಸೀಟಿಗೆ ಗರಿಷ್ಠ ತೂಕದ ಹಾಗೇ ಕನಿಷ್ಠ ತೂಕಾನೂ ಇರುತ್ತೆ, ಕಾಕ್‌ಪಿಟ್ ಒಳಗೇ ಬರೆದು ಅಂಟಿಸಿರ್ತಾರೆ. ಮುಂದೆ ತೀರಾ ಹಗುರ ಆದ್ರೆ ಭಾರದ ಕೇಂದ್ರ ಬಾಲದ ಕಡೆ ಸರಿಯುತ್ತೆ, ಮೂತಿ ಸಣ್ಣ ಅಲುಗಾಟಕ್ಕೂ ಏಳುತ್ತೆ ಬೀಳುತ್ತೆ, ಸ್ಪಿನ್ ಆದ್ರೆ, ಅಂದ್ರೆ ಗಿರಗಿರ ಸುತ್ತುತ್ತಾ ಬೀಳೋಕೆ ಶುರುವಾದ್ರೆ, ಅದರಿಂದ ಹೊರಗೆ ಬರೋದೂ ಕಷ್ಟ. ಸೀಸ ಇಟ್ಟಿದ್ದು ಅದಕ್ಕೆ. ದಿಂಬಿನ ಕಥೆ ಇನ್ನೂ ಸ್ವಾರಸ್ಯ. ವಿಂಚ್ ಲಾಂಚ್‌ನಲ್ಲಿ, ಅಂದ್ರೆ ನೆಲದ ಮೇಲಿನ ಯಂತ್ರ ಕೇಬಲ್ ಎಳೆದು ಹಾರಿಸೋವಾಗ, ಗ್ಲೈಡರ್ ನಿಂತಲ್ಲಿಂದ ಕೆಲವೇ ಸೆಕೆಂಡಲ್ಲಿ ವೇಗ ಹಿಡಿದು ಮೂತಿ ಎತ್ಕೊಂಡು ಏರುತ್ತೆ, ಆಗ ಮೆತ್ತನೆ ದಿಂಬು ಅಪ್ಪಚ್ಚಿ ಆಗಿ ಮಗು ಹಿಂದಕ್ಕೆ ಜಾರುತ್ತೆ, ಕೈಯಲ್ಲಿ ಗ್ಲೈಡರ್ ನಡೆಸೋ ಸ್ಟಿಕ್ ಹಿಡ್ಕೊಂಡಿದ್ರೆ ಅದನ್ನೂ ಎಳ್ಕೊಂಡೇ ಹೋಗುತ್ತೆ. ಬೇಕಿದ್ರೆ ಕ್ಲಬ್‌ನವರದ್ದೇ ಗಟ್ಟಿ ಫೋಮ್ ಇರುತ್ತೆ, ಕೇಳಿ.

ಆದ್ರೆ ಎಲ್ಲರ ಎದುರು ತೂಕ ಮಾಡಿದ್ದು ತಪ್ಪು, ಅದನ್ನ ಅವ್ರಿಗೆ ಹೇಳಿ. ಮರ್ಯಾದೆ ಪ್ರಶ್ನೆ ಒಂದೇ ಅಲ್ಲ, ನಾಚಿಕೆಗೆ ಮಕ್ಕಳು ಮುಂದಿನ ಸಲ ಸುಳ್ಳು ತೂಕ ಹೇಳ್ತಾರೆ, ಆ ಸುಳ್ಳಿನ ಮೇಲೆ ಸೀಸದ ಲೆಕ್ಕ ನಡೆಯುತ್ತೆ. ಪರದೆ ಹಿಂದೆ ತೂಕ ಮಾಡಿ ಚೀಟಿಲಿ ಬರೆದು ಕೊಟ್ರೆ ಸಾಕು.

ಪ್ರಶ್ನೆ: ನಾನು ಹೊಸ ಪೈಲಟ್, ವಾಲಂಟಿಯರ್ ಆಗಿ ಮಕ್ಕಳನ್ನ ಹಾರಿಸ್ತೀನಿ. ಹೋದ ತಿಂಗಳು ಮಧ್ಯಾಹ್ನ ಗಾಳಿ ಜಾಸ್ತಿ ಆಯ್ತು, ಇನ್ನೂ ಆರು ಮಕ್ಕಳು ಲೈನ್‌ನಲ್ಲಿದ್ರು, ಒಬ್ಬಳು ಅಳ್ತಿದ್ಲು. ಹಾರಿಸಿದೆ, ಏನೂ ಆಗ್ಲಿಲ್ಲ. ಆದ್ರೂ ರಾತ್ರಿ ನಿದ್ದೆ ಬರ್ಲಿಲ್ಲ.

ಉತ್ತರ: ನಿದ್ದೆ ಬರದೇ ಇದ್ದಿದ್ದು ಒಳ್ಳೇದೇ ಆಯ್ತು ತಮ್ಮಾ. ‘ಏನೂ ಆಗ್ಲಿಲ್ಲ’ ಅನ್ನೋದು ಮುಂದಿನ ಸಲ ಇನ್ನೆರಡು ನಾಟ್ ಜಾಸ್ತಿ ಗಾಳಿಗೂ ಸೈ ಅನ್ನೋ ಹಾಗೆ ಮಾಡುತ್ತೆ.

1996ರ ಏಪ್ರಿಲ್ 11ರ ಕಥೆ ಕೇಳಿರ್ತೀಯ. ಅಮೆರಿಕದಲ್ಲಿ ಏಳು ವರ್ಷದ ಹುಡುಗಿ ದೇಶದ ಆ ತುದಿಯಿಂದ ಈ ತುದಿಗೆ ವಿಮಾನ ಓಡಿಸ್ತಾಳೆ ಅಂತ ದೊಡ್ಡ ಸುದ್ದಿ, ಜೊತೇಲಿ ಅಪ್ಪ, ಫ್ಲೈಟ್ ಇನ್‌ಸ್ಟ್ರಕ್ಟರ್. ವಯೋಮಿಂಗ್‌ನ ಶಯಾನ್‌ನಲ್ಲಿ ಬೆಳಿಗ್ಗೆ ಗುಡುಗು ಮಳೆ ಹತ್ರ ಬರ್ತಿದ್ದಾಗ ಟೇಕಾಫ್ ಮಾಡಿದ್ರು. ಫೀಲ್ಡ್ ಇರೋದೇ ಸಮುದ್ರಮಟ್ಟದಿಂದ 6,100 ಅಡಿಗೂ ಮೇಲೆ, ಗಾಳಿ ತೆಳು, ವಿಮಾನದ ತೂಕಾನೂ ಮಿತಿ ಮೀರಿತ್ತು. ಏರಿದ ಸ್ವಲ್ಪ ಹೊತ್ತಿಗೇ ಸ್ಟಾಲ್ ಆಗಿ, ಅಂದ್ರೆ ವೇಗ ಸಾಲದೆ ರೆಕ್ಕೆ ಎತ್ತೋ ಶಕ್ತಿ ಕಳ್ಕೊಂಡು, ಬಿತ್ತು, ಮೂರೂ ಜನ ಹೋದ್ರು. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಬರೀ ಸ್ಟಾಲ್ ಅಂತ ಬರೆದು ಸುಮ್ಮನಾಗ್ಲಿಲ್ಲ. ಕೆಡ್ತಿರೋ ಹವಾಮಾನದಲ್ಲಿ ಹೊರಡೋ ನಿರ್ಧಾರ ತಪ್ಪು ಅಂತು, ಅದರ ಹಿಂದೆ ಅತಿಯಾದ ವೇಳಾಪಟ್ಟಿಗೆ ಅಂಟ್ಕೊಂಡಿದ್ದು, ಸ್ವಲ್ಪ ಮಟ್ಟಿಗೆ ಮೀಡಿಯಾಗೆ ಕೊಟ್ಟ ಮಾತು, ಇದನ್ನೂ ಕಾರಣಗಳಲ್ಲಿ ಸೇರಿಸ್ತು. ನಿನ್ನ ಲೈನ್‌ನಲ್ಲಿ ಅಳ್ತಿದ್ದ ಹುಡುಗಿ ನಿನ್ನ ಪಾಲಿಗೆ ಆ ಕ್ಯಾಮೆರಾ.

ಅದಕ್ಕೇ ಎಷ್ಟು ಗಾಳಿಗೆ ನಿಲ್ಲಿಸ್ತೀನಿ ಅನ್ನೋ ನಂಬರನ್ನ ಹಿಂದಿನ ದಿನ ಬರೆದಿಡು, ಯಾರೂ ಅಳದೇ ಇದ್ದಾಗ. ಸೆಸ್ನಾ 172 ವಿಮಾನದ ಪುಸ್ತಕದಲ್ಲಿ ಕ್ರಾಸ್‌ವಿಂಡ್ (ಅಡ್ಡಗಾಳಿ) 15 ನಾಟ್ ಅಂತಿದೆ, ಅದು ಟೆಸ್ಟ್‌ನಲ್ಲಿ ಮಾಡಿ ತೋರಿಸಿದ್ದು, ಹೊಸಬನಾದ ನೀನು ಮಕ್ಕಳನ್ನ ಕೂರಿಸ್ಕೊಂಡು ಮುಟ್ಟೋ ಟಾರ್ಗೆಟ್ ಅಲ್ಲ. ನಿನಗೆ 8 ಅನ್ನಿಸಿದ್ರೆ 8 ಅಂತಲೇ ಬರಿ. ನಿನ್ನ ಮೈ ಬಗ್ಗೇನೂ ಹಾಗೇ: ಜ್ವರ, ಮಾತ್ರೆ, ಟೆನ್ಷನ್, ಕುಡಿತ, ನಿದ್ದೆ, ಊಟ, ಪ್ರತಿ ಎರಡು ರೌಂಡಿಗೊಮ್ಮೆ ಕೇಳ್ಕೋ. ಇನ್ನೊಂದು, ನಿಲ್ಲಿಸೋ ಅಧಿಕಾರ ನಿನಗಂತೂ ಇರಲೇಬೇಕು, ಜೊತೆಗೆ ನೆಲದ ಮೇಲೆ ಇನ್ನೊಬ್ರಿಗೂ ಕೊಡಿ, ಆ ದಿನ ಹಾರದೇ ಇರೋರಿಗೆ, ಪ್ರೋಗ್ರಾಂ ಆರ್ಗನೈಸ್ ಮಾಡದೇ ಇರೋರಿಗೆ. ಅವರು ಗಾಳಿ ತೋರಿಸೋ ವಿಂಡ್‌ಸಾಕ್ ನೋಡಿ ಸಾಕು ಅಂದ್ರೆ ಸಾಕು, ಚರ್ಚೆ ಇಲ್ಲ. ಉಳಿದ ಮಕ್ಕಳಿಗೆ ಬೇರೆ ತಾರೀಖು ಮೊದಲೇ ಗೊತ್ತು ಮಾಡಿ ಟಿಕೆಟ್ ಮೇಲೇ ಬರೆದಿರಿ, ಕ್ಯಾನ್ಸಲ್ ಅಂದಾಗ ಅಳು ಅರ್ಧ ಕಮ್ಮಿ ಇರುತ್ತೆ.

ಪ್ರಶ್ನೆ: ನನಗೆ 15 ವರ್ಷ ಅಂಕಲ್. ವಿಡಿಯೋ ಮಾಡೋಕೆ ಫೋನ್ ತಗೊಂಡು ಹೋಗೋಕೆ ಯಾಕೆ ಬಿಡಲ್ಲ?

ಉತ್ತರ: 2014ರ ಫೆಬ್ರವರಿಯಲ್ಲಿ ಬ್ರಿಟಿಷ್ ವಾಯುಪಡೆಯ ವಾಯೇಜರ್ ಅನ್ನೋ ದೊಡ್ಡ ವಿಮಾನ, ಒಳಗೆ ಸುಮಾರು 200 ಜನ. ಕ್ಯಾಪ್ಟನ್‌ದೇ ಕ್ಯಾಮೆರಾ ಸೀಟಿನ ಆರ್ಮ್‌ರೆಸ್ಟ್‌ಗೂ ವಿಮಾನ ನಡೆಸೋ ಸೈಡ್‌ಸ್ಟಿಕ್‌ಗೂ ಮಧ್ಯ ಸಿಕ್ಕಿಹಾಕ್ಕೊಳ್ತು, ಸೀಟು ಮುಂದೆ ಸರಿಸಿದ ತಕ್ಷಣ ಸ್ಟಿಕ್ ಒತ್ತಿ ವಿಮಾನ 4,400 ಅಡಿ ಕೆಳಗೆ ಹೋಯ್ತು. ನೀನು ಕೂರೋ ಸಣ್ಣ ವಿಮಾನದಲ್ಲಿ ಪೆಡಲ್ಲು ನಿನ್ನ ಕಾಲ ಹತ್ರಾನೇ ಇರುತ್ತೆ, ಫೋನ್ ಜಾರಿ ಅದರ ಕೆಳಗೆ ಸೇರಿದ್ರೆ ಪೈಲಟ್ ಕೈಗೆ ಎಟುಕಲ್ಲ. ಕ್ಲಬ್‌ನವರು ಫಿಕ್ಸ್ ಮಾಡಿರೋ ಕ್ಯಾಮೆರಾ ಇದ್ರೆ ಅದರ ವಿಡಿಯೋ ಕೇಳು. ಜೇಬಿಂದ ಪೆನ್ನು ಬಿದ್ರೂ ಬೈತಾರೆ ಅಂತ ಮುಚ್ಚಿಡಬೇಡ, ಆಗ್ಲೇ ಹೇಳು. ಅದು ಸಿಗೋವರೆಗೂ ಆ ವಿಮಾನ ಮತ್ತೆ ಹಾರಲ್ಲ, ಬೇಕಾದ್ರೆ ಸೀಟು ಬಿಚ್ಚಿ ಹುಡುಕ್ತಾರೆ.