ಹೊಲದಲ್ಲಿ ಸಣ್ಣ ಮನೆ: ಪಾಯ ತೆಗೆಯುವ ಮುಂಚೆ ಯಾವ ಯಾವ ಕಾಗದ ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಊರ ಹೊರಗೆ ಎರಡು ಎಕರೆ ಹೊಲವಿದೆ, ಪಹಣಿ ನಿಮ್ಮ ಮತ್ತು ಅಣ್ಣನವರ ಹೆಸರಲ್ಲಿ ಜಂಟಿಯಾಗಿದೆ. ಅಲ್ಲೊಂದು ಸಣ್ಣ ಮನೆ ಕಟ್ಟಬೇಕು. ‘ಸ್ವಂತ ಹೊಲ ತಾನೇ, ಪರ್ಮಿಶನ್ ಏನೂ ಬೇಡ’ ಅಂತ ಮೇಸ್ತ್ರಿ ಹೇಳಿದ್ದಾರೆ.

ಮೇಸ್ತ್ರಿ ಹೇಳಿದ್ದು ಅರ್ಧ ಸರಿ. ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ 95(1)ನೇ ಕಲಮಿನ ಪ್ರಕಾರ, ಬೇಸಾಯಕ್ಕೆ ಅನುಕೂಲವಾಗುವ ತೋಟದ ಮನೆಗೆ ಭೂ ಪರಿವರ್ತನೆ, ಅಂದರೆ ಜನ ಅಲಿನೇಷನ್ ಅನ್ನುವುದು, ಬೇಡ. ಆದರೆ ಅದೇ ಕಲಮು ‘ಕಟ್ಟಡಗಳ ಬಗ್ಗೆ ಜಾರಿಯಲ್ಲಿರುವ ಬೇರೆ ಕಾನೂನಿಗೆ ಒಳಪಟ್ಟು’ ಅಂತಲೇ ಶುರುವಾಗುತ್ತದೆ. ಆ ಬೇರೆ ಕಾನೂನು ಪಂಚಾಯತ್ ರಾಜ್ ಅಧಿನಿಯಮ 1993ರ 64ನೇ ಕಲಮು: ಗ್ರಾಮ ಪಂಚಾಯಿತಿಯ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಅಲಿನೇಷನ್ ಬೇಡ ಅನ್ನುವುದನ್ನೇ ಜನ ‘ಏನೂ ಬೇಡ’ ಅಂತ ತಿಳಿದುಕೊಂಡು ಸಿಕ್ಕಿಹಾಕಿಕೊಳ್ಳುತ್ತಾರೆ.

ಅಳತೆಗೂ ಮಿತಿ ಇದೆ. ಕಟ್ಟಡಗಳಿಗೆ ಹೋಗುವ ಜಾಗ ಹಿಡುವಳಿಯ ಶೇ. 10ನ್ನು ದಾಟಬಾರದು. ನಿಮ್ಮ ಎರಡು ಎಕರೆ ಅಂದರೆ 80 ಗುಂಟೆ, ಅದರಲ್ಲಿ 8 ಗುಂಟೆ. ಭಾಗವಾಗಿ ನಿಮಗೆ ಒಂದೇ ಎಕರೆ ಬಂದರೆ 4 ಗುಂಟೆ, ಅಂದರೆ 4,356 ಚದರಡಿ. ಕೊಟ್ಟಿಗೆ, ಗೊಬ್ಬರದ ಶೆಡ್ಡು, ಮನೆ ಎಲ್ಲ ಸೇರಿಯೇ ಈ ಲೆಕ್ಕ. ಇದು ಬೇಸಾಯಗಾರರ ವಾಸಕ್ಕೆ ಮಾತ್ರ. ಹೋಂಸ್ಟೇ ಮಾಡಿದರೆ, ಹೊರಗಿನವರಿಗೆ ಬಾಡಿಗೆಗೆ ಕೊಟ್ಟರೆ ತೋಟದ ಮನೆ ಅನ್ನಿಸಿಕೊಳ್ಳುವುದಿಲ್ಲ. ಆಗ 96ನೇ ಕಲಮಿನಡಿ ದಂಡ ಹಾಕಬಹುದು, ಕಟ್ಟಡ ತೆಗೆಸಲೂಬಹುದು.

ಈಗ ಕಾಗದಕ್ಕೆ ಬರೋಣ. ಮೊದಲು ಈ ಸಾಲಿನ ಪಹಣಿ ತೆಗೆಸಿ, ಕಾಲಂ ಕಾಲಂ ಓದಿ. 3ನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು, ಅಂದರೆ ಬೇಸಾಯಕ್ಕೆ ಬಾರದ ಜಾಗ, (ಎ), (ಬಿ) ಅಂತ ಇರುತ್ತದೆ. ‘ಬಿ’ ಅಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ, ಅದರ ಮೇಲೆ ಒಂದು ಕಲ್ಲೂ ಇಡಬೇಡಿ. 9ರಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ, ಕೋರ್ಟ್ ತಡೆ, ಮಂಜೂರಾತಿಯ ಷರತ್ತು, 12ರಲ್ಲಿ ಬೆಳೆ. ಬೆಳೆ ಕಾಲಂ ಖಾಲಿ ಬಿಟ್ಟು ಮನೆ ಮಾತ್ರ ಎದ್ದರೆ ‘ಬೇಸಾಯಕ್ಕಾಗಿ’ ಅನ್ನುವ ಮಾತು ನಿಲ್ಲುವುದಿಲ್ಲ.

ಸರ್ವೆ ನಂಬರಿನ ಮುಂದೆ ‘ಪಿ’ ಅಥವಾ ‘ಪೈಕಿ’ ಅಂತ ಇದ್ದರೆ ಪೋಡಿ, ಅಂದರೆ ಅಳೆದು ತುಂಡನ್ನು ಬೇರೆ ಮಾಡುವ ಕೆಲಸ, ಆಗಿಲ್ಲ ಅಂತ ಅರ್ಥ. ನಿಮ್ಮ ತುಂಡು ಎಲ್ಲಿಂದ ಎಲ್ಲಿಯವರೆಗೆ ಅನ್ನುವುದು ನಕ್ಷೆಯಲ್ಲಿ ಇರುವುದೇ ಇಲ್ಲ. ಮೂಲ ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾಗಿದ್ದು, ಸರ್ಕಾರದ ಅನುಮತಿಯಿಲ್ಲದೆ ಕೈ ಬದಲಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ ಪಿಟಿಸಿಎಲ್ ಕಾಯ್ದೆ 1978ರ ಪ್ರಕಾರ ಅದು ಮೂಲದವರಿಗೇ ಮರಳಬಹುದು. 2023ರ ತಿದ್ದುಪಡಿ ಬಂದ ಮೇಲೆ ಅವರ ಅರ್ಜಿಗೆ ಕಾಲಮಿತಿಯೂ ಇಲ್ಲ. ಹಾಗಾಗಿ ಹಕ್ಕು ಬದಲಾವಣೆಯ ದಾಖಲೆಗಳು, ಅಂದರೆ ಹಳೆಯ ಮ್ಯುಟೇಶನ್‌ಗಳ ನಕಲು, ಕನಿಷ್ಠ 30 ವರ್ಷದ ಇಸಿ (ಋಣಭಾರ ಪತ್ರ) ಎರಡನ್ನೂ ತೆಗೆಸಿ.

ನಿಮ್ಮ ವಿಷಯದಲ್ಲಿ ನನಗೆ ನಿಜವಾಗಿ ಚಿಂತೆಯಾಗುವುದು ಆ ಜಂಟಿ ಪಹಣಿ. ಅಣ್ಣ ಬಾಯಿಮಾತಲ್ಲಿ ಒಪ್ಪಿದ್ದರೂ ನಾಳೆ ವಿಭಾಗವಾದಾಗ ಮನೆ ಇರುವ ಜಾಗ ಅವರ ಪಾಲಿಗೆ ಹೋಗಬಹುದು. ಮೊದಲು ವಂಶವೃಕ್ಷ ಮಾಡಿಸಿ, ಅಕ್ಕತಂಗಿಯರಿದ್ದರೆ ಅವರ ಹೆಸರೂ ಅದರಲ್ಲಿರಲಿ, ಅವರ ಹಕ್ಕನ್ನೂ ತೀರ್ಮಾನ ಮಾಡಿಕೊಳ್ಳಿ. ಆಮೇಲೆ ಸರ್ವೆ ಇಲಾಖೆಯ ಮೋಜಿಣಿಯಲ್ಲಿ ಅರ್ಜಿ ಹಾಕಿ 11ಇ ನಕ್ಷೆ (ಪಾಲಾಗುವ ತುಂಡಿನ ಅಳತೆ ನಕ್ಷೆ), ಅದರ ಮೇಲೆ ನೋಂದಾಯಿತ ವಿಭಾಗ ಪತ್ರ, ನಂತರ ಮ್ಯುಟೇಶನ್. ಈ ಕ್ರಮ ತಪ್ಪಿಸಬೇಡಿ: 11ಇ ಇಲ್ಲದೆ ತುಂಡು ಜಮೀನಿನ ಪತ್ರ ನೋಂದಣಿ ಆಗುವುದಿಲ್ಲ.

ಇಷ್ಟಾದ ಮೇಲೆ ಹದ್ದುಬಸ್ತಿಗೆ, ಅಂದರೆ ಗಡಿ ಅಳತೆಗೆ, ಅರ್ಜಿ ಹಾಕಿ. ಅಕ್ಕಪಕ್ಕದವರಿಗೆ ನೋಟಿಸ್ ಹೋಗುತ್ತದೆ, ಸರ್ವೆಯವರು ಬಂದು ಗಡಿ ಗುರುತಿಸುತ್ತಾರೆ. ಬದುವನ್ನು ನಂಬಬೇಡಿ. ವರ್ಷ ವರ್ಷ ಉಳುಮೆಯಲ್ಲಿ ಬದು ಒಂದೊಂದು ಸಾಲು ಸರಿಯುತ್ತದೆ, ಗಡಿ ಗುರುತಿನ ಬಾಂದು ಕಲ್ಲು ಮಣ್ಣಲ್ಲಿ ಹೂತಿರುತ್ತದೆ. ಕಲ್ಲು ಸಿಕ್ಕಿದ ಮೇಲೆ ಫೋಟೊ ತೆಗೆದು, ಅಲ್ಲಿಂದ ಅಳತೆ ಹಿಡಿದು ಪಾಯದ ದಾರ ಕಟ್ಟಿಸಿ.

ಪಂಚಾಯಿತಿಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೆಸರಲ್ಲಿ ಎರಡು ಪ್ರತಿ ಅರ್ಜಿ ಬರೆದು, ಪಹಣಿ, ನಕ್ಷೆ, ಮನೆಯ ಪ್ಲಾನು, ಆಧಾರ್ ಲಗತ್ತಿಸಿ. ಒಂದು ಪ್ರತಿಗೆ ಸ್ವೀಕೃತಿ ಸೀಲು, ತಾರೀಖು ಹಾಕಿಸಿಕೊಂಡೇ ಬನ್ನಿ. ಊರು ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ ಅಲ್ಲಿಯೂ ಕೇಳಬೇಕು. ಹೆದ್ದಾರಿ ಪಕ್ಕವಾದರೆ ರಸ್ತೆ ಮಧ್ಯದಿಂದ ಎಷ್ಟು ಬಿಡಬೇಕು ಅಂತ ಲೋಕೋಪಯೋಗಿ ಕಚೇರಿಯಲ್ಲಿ ಬರಹದಲ್ಲಿ ತೆಗೆದುಕೊಳ್ಳಿ.

ದುಡ್ಡಿನ ಮಾತು: ಅಲಿನೇಷನ್ ಆಗದ ಜಮೀನಿನ ಮೇಲೆ ಬ್ಯಾಂಕುಗಳು ಸಾಮಾನ್ಯವಾಗಿ ಗೃಹಸಾಲ ಕೊಡುವುದಿಲ್ಲ. ಗೋಡೆ ಎದ್ದ ಮೇಲೆ ಸಾಲ ಮಾಡೋಣ ಅಂದುಕೊಂಡಿದ್ದರೆ ಈಗಲೇ ಮ್ಯಾನೇಜರ್ ಹತ್ತಿರ ಕೇಳಿ. ಕರೆಂಟಿಗೂ ಪಂಚಾಯಿತಿ ಕಾಗದ ಕೇಳುತ್ತಾರೆ. ಅದು ಬರುವವರೆಗೆ ಅಂತ ಪಂಪ್‌ಸೆಟ್ಟಿನ ಲೈನಿಂದ ಮನೆಗೆ ವೈರ್ ಎಳೆಯಬೇಡಿ. ಅದು ನೀರಾವರಿಗೆಂದು ಕೊಟ್ಟ ಸಂಪರ್ಕ. ವಿಜಿಲೆನ್ಸ್‌ನವರು ಹಿಡಿದರೆ ದಂಡ ಬೀಳುವುದು ಆರ್‌.ಆರ್‌. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಯಾರ ಹೆಸರಲ್ಲಿದೆಯೋ ಅವರಿಗೆ, ಅದು ನಿಮ್ಮ ಅಣ್ಣನವರ ಹೆಸರಲ್ಲಿದ್ದರೆ ಅವರಿಗೆ.