ಹೊಸ ಸೀಲ್ ಹಾಕಿದರೂ ಹಳೇ ಬೈಕಿನ ಡಿಸ್ಕ್ ಬ್ರೇಕ್ ಬಿಡುತ್ತಿಲ್ಲ, ಅಸೆಂಬ್ಲಿ ಬದಲಿಸಬೇಕಾ?

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ಇಷ್ಟು ಅಲ್ವಾ? ಧಾರವಾಡದ ಮನೆಯಲ್ಲಿ ಅಪ್ಪನ ಹೀರೋ ಹೋಂಡಾ ಸಿಬಿಝಡ್ ವರ್ಷಗಟ್ಟಲೆ ನಿಂತಿತ್ತು. ಮುಂದಿನ ಬ್ರೇಕಿಗೆ ಗ್ಯಾರೇಜಿನಲ್ಲಿ ಹೊಸ ಸೀಲ್ ಕಿಟ್ ಹಾಕಿಸಿದಿರಿ. ಈಗ ಲಿವರ್ ಹಿಡಿದರೆ ಬ್ರೇಕ್ ಹಿಡಿಯುತ್ತದೆ, ಬಿಟ್ಟರೆ ಬಿಡುವುದಿಲ್ಲ. ಸ್ವಲ್ಪ ದೂರ ಓಡಿಸಿದರೆ ಚಕ್ರ ಜಾಮ್. ಗ್ಯಾರೇಜಿನವರು ಇಡೀ ಅಸೆಂಬ್ಲಿ ಬದಲಿಸಿ ಅನ್ನುತ್ತಿದ್ದಾರೆ.

ಬದಲಿಸಬೇಡಿ, ಈಗಲೇ ಬೇಡ. ನಾನು ಹುಬ್ಬಳ್ಳಿಯಲ್ಲಿ ಹಳೇ ಬೈಕ್‌ಗಳನ್ನು ಬಿಚ್ಚಿ ಕೂಡಿಸುವ ಕೆಲಸ ಮಾಡುತ್ತೇನೆ. ಚಕ್ರದ ಡಿಸ್ಕನ್ನು ಎರಡೂ ಕಡೆಯಿಂದ ಪ್ಯಾಡ್‌ಗಳಿಂದ ಒತ್ತಿ ಹಿಡಿಯುವ ಭಾಗಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಹೊಸ ಸೀಲ್ ಹಾಕಿದ ಮೇಲೂ ಹಿಡಿದುಕೊಳ್ಳುವ ಕ್ಯಾಲಿಪರ್‌ಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇರುತ್ತವೆ. ಸೀಲ್ ಕೂರುವ ಜಾಗವನ್ನು ಯಾರೂ ಸ್ವಚ್ಛ ಮಾಡಿರುವುದಿಲ್ಲ, ಅಷ್ಟೇ. ಆದರೆ ಒಂದು ಮಾತು: ಇದು ಸರಿಯಾಗುವವರೆಗೆ ಗಾಡಿ ರಸ್ತೆಗೆ ತರಬೇಡಿ. ಓಡುವಾಗ ಮುಂದಿನ ಚಕ್ರ ಹಿಡಿದುಕೊಂಡರೆ ಸವಾರ ನೆಲಕ್ಕೆ ಬೀಳುತ್ತಾನೆ, ತಪ್ಪಿಸಿಕೊಳ್ಳಲು ಟೈಮೇ ಇರುವುದಿಲ್ಲ.

ಮೊದಲು ದೋಷ ಎಲ್ಲಿದೆ ಅಂತ ಹುಡುಕೋಣ. ಗಾಡಿಯನ್ನು ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಚಕ್ರ ನೆಲ ಬಿಡುವ ಹಾಗೆ ಎಂಜಿನ್ ಕೆಳಗೆ ಕಟ್ಟಿಗೆ ಕೊಡಿ. ಲಿವರನ್ನು ಕೆಲವು ಸಲ ಜೋರಾಗಿ ಒತ್ತಿ ಬಿಡಿ. ಚಕ್ರ ಜಾಮ್ ಆಯಿತು ಅಂದಕೂಡಲೇ ಮೇಲೆ, ಮಾಸ್ಟರ್ ಸಿಲಿಂಡರಿಗೆ (ಲಿವರ್ ಒತ್ತಿದಾಗ ಆಯಿಲನ್ನು ಕೆಳಗೆ ತಳ್ಳುವ, ಹ್ಯಾಂಡಲ್ ಮೇಲಿನ ಭಾಗ) ಪೈಪ್ ಸೇರುವ ಬೋಲ್ಟನ್ನು ಸ್ವಲ್ಪ ಸಡಿಲ ಮಾಡಿ. ಸುತ್ತ ಒದ್ದೆ ಬಟ್ಟೆ ಹಾಕಿರಿ, ಬ್ರೇಕ್ ಆಯಿಲ್ ಟ್ಯಾಂಕಿನ ಬಣ್ಣ ತಿನ್ನುತ್ತದೆ. ಆಯಿಲ್ ಹೊರಗೆ ಬಂದು ಚಕ್ರ ಸಲೀಸಾಗಿ ತಿರುಗಿದರೆ ದೋಷ ಮಾಸ್ಟರ್ ಸಿಲಿಂಡರಿನಲ್ಲಿದೆ. ತಿರುಗದಿದ್ದರೆ ಬೋಲ್ಟ್ ಬಿಗಿ ಮಾಡಿ, ಕೆಳಗೆ ಕ್ಯಾಲಿಪರ್‌ನ ನಿಪ್ಪಲ್ (ಆಯಿಲ್, ಏರ್ ಹೊರಗೆ ಬಿಡುವ ಸಣ್ಣ ತಿರುಪು) ಬಿಡಿಸಿ. ಅಲ್ಲಿ ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ ರಬ್ಬರ್ ಪೈಪು ಒಳಗೇ ಊದಿ ಮುಚ್ಚಿಕೊಂಡಿದೆ. ಲಿವರಿನ ಜೋರಿಗೆ ಆಯಿಲ್ ಕೆಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಹಳೇ ಪೈಪಿಗೆ ರಿಪೇರಿ ಇಲ್ಲ, ಹೊಸದೇ ಹಾಕಬೇಕು. ನಿಪ್ಪಲ್ ಬಿಡಿಸಿದರೂ ಚಕ್ರ ಜಾಮ್ ಆಗಿಯೇ ಇದ್ದರೆ ತಪ್ಪು ಕ್ಯಾಲಿಪರಿನದು. ನೀವು ಬರೆದ ಲಕ್ಷಣ ನೋಡಿದರೆ ನನಗೆ ಇದರ ಮೇಲೇ ಜಾಸ್ತಿ ಅನುಮಾನ.

ಯಾಕೆ ಅಂದರೆ, ಕ್ಯಾಲಿಪರ್ ಒಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಹಿಂದೆ ಎಳೆಯಲು ಸ್ಪ್ರಿಂಗ್ ಇರುವುದಿಲ್ಲ. ಆ ಕೆಲಸ ಮಾಡುವುದು ಸೀಲೇ. ಅದನ್ನು ಅಡ್ಡ ಕತ್ತರಿಸಿ ನೋಡಿದರೆ ದುಂಡಗಿರುವುದಿಲ್ಲ, ಚೌಕವಾಗಿರುತ್ತದೆ. ಪಿಸ್ಟನ್ ಮುಂದೆ ಬಂದಾಗ ಸೀಲ್ ಅದರ ಜೊತೆ ಸ್ವಲ್ಪ ಬಾಗುತ್ತದೆ. ಲಿವರ್ ಬಿಟ್ಟಾಗ ಮತ್ತೆ ನೇರವಾಗುತ್ತಾ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಡಿಸ್ಕಿನಿಂದ ಪ್ಯಾಡ್ ಬಿಡುವುದು ಅಷ್ಟರಿಂದಲೇ. ಹಾಗೆ ಬಾಗಿ ನೇರವಾಗಲು ಸೀಲಿಗೆ ಅದು ಕೂರುವ ಗ್ರೂವ್, ಅಂದರೆ ಸುತ್ತಲಿನ ಗಾಡಿ ಒಳಗೆ ಜಾಗ ಬೇಕು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಧಾರವಾಡದ ಮಳೆಗಾಲ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಗಾಡಿ ವರ್ಷಗಟ್ಟಲೆ ನಿಂತರೆ ಆ ತೇವ ಅಲ್ಯೂಮಿನಿಯಂ ಅನ್ನು ತಿಂದು ಗ್ರೂವಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಸುಣ್ಣ ಕಟ್ಟುವ ಹಾಗೆ. ಅದರ ಮೇಲೆಯೇ ಹೊಸ ಸೀಲ್ ಕೂರಿಸಿದರೆ ಸೀಲ್ ಮೇಲಕ್ಕೆ ಎದ್ದು ಪಿಸ್ಟನ್ನನ್ನು ಬಿಗಿಯಾಗಿ ಹಿಚುಕುತ್ತದೆ. ಬಾಗಲು ಜಾಗವೇ ಇಲ್ಲದ ಮೇಲೆ ಹಿಂದೆ ಎಳೆಯುವುದು ಎಲ್ಲಿಂದ? ಹೊಸ ಕಿಟ್ ಹಾಕಿದ ಮೇಲೆ ಬ್ರೇಕ್ ಮೊದಲಿಗಿಂತ ಜಾಸ್ತಿ ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ.

ಹಾಗಾಗಿ ಕ್ಯಾಲಿಪರನ್ನು ಮತ್ತೆ ಬಿಚ್ಚಿಸಿ. ಪೈಪ್ ತೆಗೆಯುವ ಮುಂಚೆಯೇ ಪ್ಯಾಡ್ ತೆಗೆದು, ಲಿವರ್ ಒತ್ತುತ್ತಾ ಪಿಸ್ಟನ್ನನ್ನು ಹೊರಗೆ ತನ್ನಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಹೊಡೆದು ತೆಗೆಯುವುದು ಸುಲಭ ಅನ್ನಿಸುತ್ತದೆ, ಆದರೆ ಪಿಸ್ಟನ್ ಗುಂಡಿನಂತೆ ಹಾರಿ ಬೆರಳು ಜಜ್ಜುತ್ತದೆ. ಆಮೇಲೆ ಸೀಲ್ ತೆಗೆದು, ತುದಿ ಬಾಗಿಸಿದ ಸಣ್ಣ ಸೂಜಿಯಿಂದ ಗ್ರೂವಿನ ಎರಡೂ ಮೂಲೆ ಕೆರೆಯಿರಿ. ಹಿತ್ತಾಳೆ ಬ್ರಷ್ ಇದ್ದರೆ ಒಳ್ಳೆಯದು. ಪುಡಿ ಹೋಗಬೇಕು, ಲೋಹ ಹೋಗಬಾರದು. ಅವಸರದ ಕೆಲಸ ಅಲ್ಲ ಇದು. ಬೆಳಕಿಗೆ ಹಿಡಿದು ಸುತ್ತಲೂ ನೋಡಿ, ಬಿಳಿ ಚುಕ್ಕೆ ಕಂಡರೆ ಮತ್ತೆ ಕೆರೆಯಿರಿ. ಕೊನೆಗೆ ಸೀಲನ್ನು ಬರಿಗೈಯಲ್ಲಿ ಕೂರಿಸಿ, ಹೊಸ ಬ್ರೇಕ್ ಆಯಿಲ್ ಸವರಿ, ಪಿಸ್ಟನ್ನನ್ನು ಹೆಬ್ಬೆರಳಿಂದ ಒತ್ತಿ. ಬೆರಳಿನ ಜೋರಿಗೇ ಒಳಗೆ ಹೋಗಬೇಕು. ಸುತ್ತಿಗೆ ಅಥವಾ ಕ್ಲಾಂಪ್ ಬೇಕಾಯಿತು ಅಂದರೆ ಗ್ರೂವ್ ಇನ್ನೂ ಸ್ವಚ್ಛ ಆಗಿಲ್ಲ.

ಪಿಸ್ಟನ್ ಮೇಲೆ ಸೀಲ್ ಓಡಾಡುವ ಜಾಗದಲ್ಲಿ ತುಕ್ಕಿನ ಗುಂಡಿ ಬಿದ್ದಿದ್ದರೆ ಪಿಸ್ಟನ್ ಬದಲಿಸಿ. ಎಮರಿ ಪೇಪರಿನಿಂದ ಉಜ್ಜಿದರೆ ಕ್ರೋಮ್ ಹೋಗಿ ತುಕ್ಕು ಮತ್ತೆ ಬರುತ್ತದೆ. ಕ್ಯಾಲಿಪರ್ ಜಾರುವ ಪಿನ್‌ಗಳನ್ನೂ ಮರೆಯಬೇಡಿ. ಅವು ಹಿಡಿದರೂ ಚಕ್ರ ಹಿಡಿಯುತ್ತದೆ. ಅಲ್ಲಿಗೆ ಸಿಲಿಕಾನ್ ಗ್ರೀಸ್ ಮಾತ್ರ.

ಮುಂದಿನ ಮಾತು ಇದಕ್ಕಿಂತ ಮುಖ್ಯ. "ಪೆಟ್ರೋಲ್‌ನಾಗ ತೊಳದ್ರ ಸ್ವಚ್ಛ ಆಗ್ತದ ಬಿಡ್ರಿ ಸರ" ಅಂತ ಯಾರಾದರೂ ಅಂದರೆ ದಯವಿಟ್ಟು ಕೈ ಹಿಡಿದು ನಿಲ್ಲಿಸಿ. ಬ್ರೇಕಿನ ಸೀಲ್ ಮಾಡುವುದು ಇಪಿಡಿಎಂ ಅನ್ನುವ ರಬ್ಬರಿನಿಂದ. ಪೆಟ್ರೋಲ್, ಡೀಸೆಲ್, ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಯಾವುದು ತಾಗಿದರೂ ಅದು ಊದಿಕೊಂಡು ಮೆತ್ತಗಾಗುತ್ತದೆ. ತೊಳೆಯಲು ಸೋಪಿನ ನೀರು ಸಾಕು. ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಪೂರ್ತಿ ಒಣಗಿಸಿ.

ನಮ್ಮ ಕಡೆ ಇದಕ್ಕೆ ಸೇರಿದ ಇನ್ನೊಂದು ತೊಂದರೆ ಇದೆ. ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಟ್ರ್ಯಾಕ್ಟರಿನ ಊರುಗಳು. ಹೈಡ್ರಾಲಿಕ್ ಸೀಲ್ ಮಾರುವ ಅಂಗಡಿ ಹುಡುಕುವುದು ಕಷ್ಟವಲ್ಲ. ಅಳತೆ ಕೊಟ್ಟರೆ ಹೊಂದುವ ರಿಂಗ್ ತೆಗೆದು ಕೊಡುತ್ತಾರೆ. ಆದರೆ ಅವು ಸಾಮಾನ್ಯವಾಗಿ ನೈಟ್ರೈಲ್ ರಬ್ಬರಿನವು. ಟ್ರ್ಯಾಕ್ಟರ್ ಲಿಫ್ಟಿನ ಆಯಿಲಿಗೆ ಸರಿ, ಬ್ರೇಕ್ ಆಯಿಲಿನಲ್ಲಿ ಕೆಡುತ್ತವೆ. ಜೊತೆಗೆ ದುಂಡನೆಯ ಓ-ರಿಂಗ್ ಆದರೆ ಪಿಸ್ಟನ್ನನ್ನು ಸರಿಯಾಗಿ ಹಿಂದೆ ಎಳೆಯುವುದಿಲ್ಲ. ನಿಮ್ಮ ಗಾಡಿಗೆ ಹಾಕಿದ ಸೀಲ್ ಎಲ್ಲಿಂದ ತಂದರು ಅಂತ ಒಮ್ಮೆ ಕೇಳಿ. ಚೌಕ ಅಂಚಿನ ಬ್ರೇಕ್ ಸೀಲೇ ಬೇಕು ಅಂತ ಹಟ ಹಿಡಿಯಿರಿ.

ಮೇಲಿನ ಬೋಲ್ಟ್ ಸಡಿಲಿಸಿದಾಗಲೇ ಚಕ್ರ ಬಿಟ್ಟಿದ್ದರೆ ಮಾಸ್ಟರ್ ಸಿಲಿಂಡರಿನ ಮುಚ್ಚಳ ತೆಗೆದು ನೋಡಿ. ತಳದಲ್ಲಿ ಎರಡು ತೂತುಗಳಿರುತ್ತವೆ, ಒಂದು ದೊಡ್ಡದು, ಇನ್ನೊಂದು ಸೂಜಿಮೊನೆಯಷ್ಟು. ಕಣ್ಣು ತಪ್ಪುವುದು ಆ ಸಣ್ಣದೇ. ಬಿಸಿಗೆ ಹಿಗ್ಗಿದ ಆಯಿಲ್ ಅದರಿಂದಲೇ ಮೇಲಿನ ಡಬ್ಬಿಗೆ ವಾಪಸ್ ಬರಬೇಕು. ಮುಚ್ಚಿದ್ದರೆ ಗಾಡಿ ಓಡಿದಂತೆ ಬ್ರೇಕ್ ತಾನಾಗಿಯೇ ಬಿಗಿಯುತ್ತಾ ಹೋಗುತ್ತದೆ. ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆಯಿಂದ ಬಿಡಿಸಿ. ಸ್ಟೀಲ್ ಸೂಜಿ ಚುಚ್ಚಬೇಡಿ, ತೂತಿನ ಅಂಚು ಎದ್ದರೆ ಒಳಗಿನ ರಬ್ಬರ್ ಹರಿಯುತ್ತದೆ. ಬೇರೆ ಗಾಡಿಯ ಲಿವರ್ ಹಾಕಿದ್ದರೆ ಅದು ಪಿಸ್ಟನ್ನನ್ನು ಯಾವಾಗಲೂ ಸ್ವಲ್ಪ ಒತ್ತಿ ಹಿಡಿದು ಈ ತೂತನ್ನೇ ಮುಚ್ಚಬಹುದು. ಲಿವರಿನಲ್ಲಿ ಸ್ವಲ್ಪ ಆಟ ಇರಲೇಬೇಕು.

ಸಿಲಿಂಡರ್ ಗೋಡೆಯಲ್ಲಿ ಆಳವಾದ ಗುಂಡಿಗಳಿದ್ದರೆ ಮಾತ್ರ ಬದಲಿಸುವ ಮಾತು. ಸಿಬಿಝಡ್ ಬಂದದ್ದು 1999ರಲ್ಲಿ, ಅದಕ್ಕೆ ಹೊಂದುವ ಮಾಸ್ಟರ್ ಸಿಲಿಂಡರ್ ಇನ್ನೂ ಹುಡುಕಬಹುದು. ಅದಕ್ಕೂ ಮುಂಚಿನ ಎನ್‌ಫೀಲ್ಡ್ ಫ್ಯೂರಿಯಂಥ ಅಪರೂಪದ ಗಾಡಿಯಾಗಿದ್ದರೆ ಲೇಥಿನಲ್ಲಿ ಕೊರೆಸಿ ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ ಹಾಕಿಸುವ ದಾರಿ ಇದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವಿಚಾರಿಸಿ. ಬ್ರೇಕಿನ ಸ್ಲೀವ್ ಮೊದಲು ಮಾಡಿ ಗೊತ್ತಿದ್ದವರಿಗೇ ಕೊಡಿ.

ಜೋಡಿಸುವಾಗ ಪೈಪಿನ ವಾಷರ್‌ಗಳು ಹೊಸವಿರಲಿ. ಬ್ರೇಕ್ ಆಯಿಲಿನ ದರ್ಜೆ ಡಾಟ್ 3 ಅಥವಾ ಡಾಟ್ 4, ಮುಚ್ಚಳದ ಮೇಲೆ ಬರೆದಂತೆ. ಹೊಸ ಡಾಟ್ 4 ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಬೇಕು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಅದಕ್ಕೇ ಸೀಲ್ ಒಡೆಯದ ಹೊಸ ಡಬ್ಬಿ ತನ್ನಿ, ಗ್ಯಾರೇಜಿನ ಮೂಲೆಯಲ್ಲಿ ಅರ್ಧ ಉಳಿದದ್ದು ಬೇಡ. ಡಾಟ್ 5 ಸಿಲಿಕಾನಿನದು, ಇದರ ಜೊತೆ ಬೆರೆಯುವುದಿಲ್ಲ.

ಖಾಲಿ ಬ್ರೇಕಿನಿಂದ ಏರ್ ತೆಗೆಯುವಾಗ ಲಿವರ್ ಒತ್ತಿ ಒತ್ತಿ ಕೈ ಸೋಲುತ್ತದೆ. ಮೆಡಿಕಲ್ ಶಾಪಿನಿಂದ ದೊಡ್ಡ ಹೊಸ ಸಿರಿಂಜ್ ತಂದು, ಸಣ್ಣ ಪೈಪ್ ಸೇರಿಸಿ, ಕೆಳಗಿನ ನಿಪ್ಪಲಿನಿಂದ ಆಯಿಲನ್ನು ನಿಧಾನವಾಗಿ ಮೇಲಕ್ಕೆ ತಳ್ಳಿ. ಗುಳ್ಳೆ ಮೇಲೆ ಹೋಗುವುದೇ ಅದರ ಸ್ವಭಾವ, ಜೊತೆಗೇ ಹೊರಟು ಹೋಗುತ್ತದೆ. ಮೇಲಿನ ಡಬ್ಬಿ ತುಂಬಿ ಚೆಲ್ಲದಂತೆ ಒಬ್ಬರು ನೋಡುತ್ತಿರಲಿ.

ಎಲ್ಲ ಮುಗಿದ ಮೇಲೆ ಲಿವರನ್ನು ಒಂದು ನಿಮಿಷ ಬಿಗಿಯಾಗಿ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಇಳಿದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಗಟ್ಟಿಯಾಗಿ ನಿಂತು, ಬಿಟ್ಟ ತಕ್ಷಣ ಚಕ್ರ ಕೈಯಲ್ಲಿ ಸಲೀಸಾಗಿ ತಿರುಗಿದರೆ ಮನೆ ಮುಂದಿನ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ನೋಡಿ. ಧಾರವಾಡದ ಏರಿಳಿತದ ರಸ್ತೆಗಳಿಗೆ ಅದಾದ ಮೇಲೆ ಹೋಗಿ. ಬೋಲ್ಟ್ ಸಡಿಲಿಸಿದಾಗ ಚಕ್ರ ಎಲ್ಲಿ ಬಿಟ್ಟಿತು ಅಂತ ಇಲ್ಲಿ ಬರೆಯಿರಿ, ಗ್ರೂವ್ ಕಾಣುವ ಹಾಗೆ ಒಂದು ಫೋಟೋ ಕೂಡ ಹಾಕಿ. ನೋಡಿ ಮುಂದಿನದು ಹೇಳುತ್ತೇನೆ.