ಕೊಲ್ಕತ್ತಾದ ಹಳದಿ ಟ್ಯಾಕ್ಸಿ ಇನ್ನೆಷ್ಟು ದಿನ?

ಪ್ರಶ್ನೆ: ದಸರಾ ರಜೆಗೆ ಮನೆಮಂದಿಯೆಲ್ಲ ಕೊಲ್ಕತ್ತಾಗೆ ಹೊರಟಿದ್ದೇವೆ. ಅಲ್ಲಿನ ಹಳದಿ ಅಂಬಾಸಿಡರ್ ಟ್ಯಾಕ್ಸಿಯಲ್ಲಿ ಒಮ್ಮೆ ಕೂರಬೇಕು ಅಂತ ನಮ್ಮ ತಂದೆಗೆ ಆಸೆ. ಆದರೆ ಓಲಾ, ಊಬರ್ ಬಂದ ಮೇಲೆ ಅವೆಲ್ಲ ಹೋಗಿಯೇ ಬಿಟ್ಟಿವೆ ಅಂತಾರೆ. ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಪೂರ್ತಿ ಹೋಗಿಲ್ಲ. ತಂದೆಯವರನ್ನು ಖಂಡಿತ ಕೂರಿಸಿ, ಮುಂದಿನ ವರ್ಷಕ್ಕೆ ಅಂತ ಮಾತ್ರ ಬಿಡಬೇಡಿ. ಕೆಲಸದ ಮೇಲೆ ಕೆಲವು ವರ್ಷ ಆ ಊರಿನಲ್ಲಿದ್ದವನು ನಾನು. ಆ ಗಾಡಿಗಳ ಮೇಲೆ ಪ್ರೀತಿ ಜಾಸ್ತಿ.

ಆ್ಯಪ್‌ಗಳಿಂದ ಪೆಟ್ಟು ಬಿದ್ದಿದ್ದು ನಿಜವೇ. ಆದರೆ ಗಾಡಿಗಳು ಕಡಿಮೆಯಾಗಿದ್ದಕ್ಕೆ ದೊಡ್ಡ ಕಾರಣ ಬೇರೆ. ಅಂಬಾಸಿಡರ್ ತಯಾರಾಗುತ್ತಿದ್ದುದು ಕೊಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ, ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ. 1962ರಲ್ಲಿ ಕಲ್ಕತ್ತಾ ಟ್ಯಾಕ್ಸಿ ಅಸೋಸಿಯೇಷನ್ ಇದನ್ನೇ ಟ್ಯಾಕ್ಸಿಗೆ ಆರಿಸಿಕೊಂಡಿತು. ಐದಾರು ಜನ ಸಾಮಾನು ಸಮೇತ ಕೂರಬಹುದಿತ್ತು. ಕೆಟ್ಟರೆ ಯಾವ ಗಲ್ಲಿಯ ಮೆಕ್ಯಾನಿಕ್ ಬೇಕಾದರೂ ರಿಪೇರಿ ಮಾಡುತ್ತಿದ್ದ. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆ ಕೆಲಸ ನಿಲ್ಲಿಸಿತು. ಅದಕ್ಕೂ ಮೊದಲೇ, 2008ರಲ್ಲಿ, 15 ವರ್ಷ ದಾಟಿದ ಬಾಡಿಗೆ ವಾಹನಗಳು ನಗರದಲ್ಲಿ ಓಡಬಾರದು ಎಂದು ಕಲ್ಕತ್ತಾ ಹೈಕೋರ್ಟ್ ಆದೇಶಿಸಿತ್ತು. ಎರಡನ್ನೂ ಸೇರಿಸಿ ಲೆಕ್ಕ ಹಾಕಿ. ಹೊಸದು ಬರಲ್ಲ, ಹಳೆಯದು ಉಳಿಯಲ್ಲ. ನಿಯಮ ಹೀಗೇ ಇದ್ದರೆ 2029ರ ಸುಮಾರಿಗೆ ಕೊನೆಯ ಅಂಬಾಸಿಡರ್ ಟ್ಯಾಕ್ಸಿಯ ಅವಧಿಯೂ ಮುಗಿಯುತ್ತದೆ.

ಹೊಗೆಯಿಂದ ನರಳಿದ ಊರು ಅದು. ಕೋರ್ಟ್ ಹೇಳಿದ್ದು ತಪ್ಪು ಅನ್ನಲಾರೆ. ನನಗೆ ಸಂಕಟವಾಗುವುದು ಚಾಲಕರನ್ನು ನೆನೆದು. ಬಹಳ ಮಂದಿ ಬಿಹಾರದಿಂದ ಬಂದವರು. ಕೈ ತೋರಿಸಿದರೆ ನಿಲ್ಲಿಸಿ, ಹೋಗಬೇಕಾದ ಜಾಗ ಕೇಳಿ, ‘ಜಾಬೋ ನಾ’ ಅಂತ ಹೊರಟೇ ಬಿಡುತ್ತಿದ್ದರು. ಬರಲ್ಲ ಅಂತ! ಜನ ಬೈಯುತ್ತಿದ್ದರು, ಆಗ ನನಗೂ ಸಿಟ್ಟು ಬರುತ್ತಿತ್ತು. ಆದರೆ ಅವರ ಕಡೆಯಿಂದಲೂ ನೋಡಬೇಕು ಅಲ್ವಾ? ದರ ಸರ್ಕಾರದ್ದು, ಡೀಸೆಲ್ ಖರ್ಚು ಅವರದ್ದು. ಮಳೆ ಬಂದಾಗ ಆ್ಯಪ್ ತಾನಾಗಿಯೇ ದರ ಏರಿಸಬಹುದು. ಹಳದಿ ಟ್ಯಾಕ್ಸಿಯವನು ಹತ್ತು ರೂಪಾಯಿ ಜಾಸ್ತಿ ಕೇಳಿದರೂ ತಪ್ಪು. ವಾಪಸ್ ಬರುವಾಗ ಬಾಡಿಗೆ ಸಿಗದ ಜಾಗಕ್ಕೆ ಅವನು ಯಾಕೆ ಬರುತ್ತಾನೆ?

ದರ ಪರಿಷ್ಕರಣೆಯಾದರೂ ಹಳೇ ಮೆಕ್ಯಾನಿಕಲ್ ಮೀಟರ್ ಬದಲಾಗುತ್ತಿರಲಿಲ್ಲ. ಒಂದು ಕಾಲದಲ್ಲಿ ಮೀಟರ್ ತೋರಿಸಿದ್ದರ ಎರಡರಷ್ಟು, ಮೇಲೆ 2 ರೂಪಾಯಿ ಕೊಡಬೇಕಿತ್ತು. 30 ತೋರಿಸಿದರೆ 62. ಹೊಸಬರು ಮೋಸ ಅಂತ ಜಗಳಕ್ಕೆ ನಿಲ್ಲುತ್ತಿದ್ದರು, ಪಾಪ ಚಾಲಕ ಮುದ್ರಿತ ಪಟ್ಟಿ ತೆಗೆದು ತೋರಿಸುತ್ತಿದ್ದ.

2023ರಲ್ಲಿ ಅಲ್ಲಿನ ಸರ್ಕಾರವೇ ‘ಯಾತ್ರಿ ಸಾಥಿ’ ಆ್ಯಪ್ ತಂದಿತು. ನಮ್ಮ ಬೆಂಗಳೂರಿನ ‘ನಮ್ಮ ಯಾತ್ರಿ’ಯ ತಂತ್ರಜ್ಞಾನವೇ ಅದರದ್ದೂ. ಹಳದಿ ಟ್ಯಾಕ್ಸಿಯನ್ನು ಅದರಲ್ಲೂ ಕರೆಯಬಹುದು. ಈಗ ಹಳದಿ ಬಣ್ಣದ ವ್ಯಾಗನ್ ಆರ್‌ಗಳೂ ಓಡುತ್ತಿವೆ, ಹಾಗಾಗಿ ಬಣ್ಣ ನೋಡಿ ಹತ್ತಿಬಿಡಬೇಡಿ.

ರೈಲಿನಲ್ಲಿ ಹೋಗುವುದಾದರೆ ಹೌರಾ ನಿಲ್ದಾಣದ ಹೊರಗೆ ಪ್ರೀಪೇಯ್ಡ್ ಕೌಂಟರ್ ಇದೆ. ಅಲ್ಲಿ ದುಡ್ಡು ಕಟ್ಟಿ ಚೀಟಿ ತಗೊಳ್ಳಿ. ಇಳಿಯುವ ಜಾಗ ಬಂದ ಮೇಲೆ ಮಾತ್ರ ಅದನ್ನು ಚಾಲಕನ ಕೈಗೆ ಕೊಡಿ. ದುರ್ಗಾಪೂಜೆಯ ದಿನಗಳಲ್ಲಿ ಸಂಜೆಯಾದರೆ ರಸ್ತೆ ತುಂಬ ಜನ, ಗಾಡಿ ಮುಂದೆ ಹೋಗಲ್ಲ. ತಂದೆಯವರನ್ನು ಬೆಳಿಗ್ಗೆಯೇ ಕರೆದುಕೊಂಡು ಹೋಗಿ.